ಹುಡುಗರ ಹಿಂಸೆಗೆ ಮೊಬೈಲಿನ ಬಂದೂಕಿನಾಟ ಎಷ್ಟು ಹೊಣೆ?

ತುಂಗಾತೀರ:

2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ 21 ವರ್ಷದ ಯುವಕನೊಬ್ಬ ಹೆತ್ತ ತಂದೆಯನ್ನೇ ಕೊಂದ ಸುದ್ದಿ ಬಂದಾಗ, ಪತ್ರಿಕೆಗಳ ಮತ್ತು ವಾಹಿನಿಗಳ ತಲೆಬರಹಗಳಲ್ಲಿ ಎದ್ದು ಕಂಡ ಪದ ‘ಪಬ್‌ಜಿ’, ಅವನು ಆಡುತ್ತಿದ್ದ ಮೊಬೈಲಿನ ಬಂದೂಕಿನಾಟ. ಸುದ್ದಿಯ ಒಡಲಿನಲ್ಲಿ ಬೇರೆ ಸಂಗತಿಗಳೂ ಇದ್ದವು. ಮೊಬೈಲಿಗೆ ಕರೆನ್ಸಿ ಹಾಕಿಸಲು ತಂದೆ ಹಣ ಕೊಟ್ಟಿರಲಿಲ್ಲ, ಆಟ ಬಿಡು ಎಂದು ಗದರಿದ್ದರು, ನೆರೆಯವರ ದೂರಿನ ಮೇಲೆ ಪೊಲೀಸರು ಕರೆಸಿ ಬುದ್ಧಿ ಹೇಳಿದ್ದರು. ಅವು ತಲೆಬರಹಕ್ಕೆ ಏರಲಿಲ್ಲ, ಜನರ ನೆನಪಿನಲ್ಲೂ ಉಳಿಯಲಿಲ್ಲ. ಮೊನ್ನೆ ಬಂಧುಗಳ ಮನೆಯ ಗೃಹಪ್ರವೇಶದಲ್ಲಿ ನನ್ನ ಪಂಕ್ತಿಯಲ್ಲಿ ಕುಳಿತವರೆಲ್ಲ ಆ ಘಟನೆಯನ್ನು ನೆನೆದು, ಕೊಲ್ಲುವುದನ್ನು ಕಲಿಸುವುದೇ ಆ ಆಟ ಎಂದು ತೀರ್ಮಾನಿಸಿಬಿಟ್ಟರು. ಊಟದ ಹೊತ್ತಿನಲ್ಲಿ ವಾದ ಬೇಡವೆಂದು ಸುಮ್ಮನಾದೆ. ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಟ ನೋಡಿ ಕೊಲ್ಲುವುದನ್ನು ಕಲಿಯುತ್ತಾರೆ ಎಂಬ ವಾದ ಬಲವಾಗಿ ಬೆಳೆದದ್ದು ಅಮೆರಿಕದಲ್ಲಿ. 1992ರಲ್ಲಿ ಬಂದ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಹೊಡೆದಾಟದ ಆಟದಲ್ಲಿ ಗೆದ್ದವನು ಸೋತವನ ಎದೆಯಿಂದ ಹೃದಯವನ್ನು ಕಿತ್ತೆತ್ತುವ ದೃಶ್ಯವಿತ್ತು. ಅದು ಮನೆಗಳಿಗೆ ಬಂದ ಮೇಲೆ, 1993ರ ಡಿಸೆಂಬರಿನಲ್ಲಿ ಸೆನೆಟರುಗಳಾದ ಜೋ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ವಿಚಾರಣೆ ನಡೆಸಿದರು; ಮರುವರ್ಷ ಆಟಗಳಿಗೆ ವಯಸ್ಸಿನ ಗುರುತು ಹಾಕುವ ಮಂಡಳಿ ಹುಟ್ಟಿತು. 1999ರ ಏಪ್ರಿಲ್ 20ರಂದು ಕೊಲಂಬೈನ್ ಶಾಲೆಯಲ್ಲಿ ಇಬ್ಬರು ಹುಡುಗರು 12 ಮಂದಿ ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದಾಗ, ಅವರು ‘ಡೂಮ್’ ಎಂಬ ಗುಂಡು ಹಾರಿಸುವ ಆಟ ಆಡುತ್ತಿದ್ದರು ಎಂಬುದು ದೊಡ್ಡ ಸುದ್ದಿಯಾಯಿತು. ಅಂದಿನಿಂದ ಅಲ್ಲಿ ಎಲ್ಲಿ ಗುಂಡಿನ ಸದ್ದಾದರೂ ಮೊದಲು ಹುಡುಕುವುದು ಹುಡುಗನ ಕೋಣೆಯಲ್ಲಿ ಯಾವ ಆಟವಿತ್ತು ಎಂಬುದನ್ನು. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನ ಸತ್ತ ದಿನವೂ ದೂರದರ್ಶನದಲ್ಲಿ ಆಟಗಳ ಮೇಲೆ ಆರೋಪ ಹೊರಿಸಲಾಯಿತು. ತನಿಖೆಯಲ್ಲಿ ಆ ಯುವಕನಿಗೆ ಅಂಥ ಗೀಳು ಇದ್ದದ್ದು ಕಂಡುಬರಲಿಲ್ಲ.

ಆ ದೇಶದ ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಒಟ್ಟಾಗಿ 37 ಶಾಲಾ ದಾಳಿಗಳನ್ನು, ಅವುಗಳಲ್ಲಿ ಭಾಗಿಯಾದ 41 ಹುಡುಗರನ್ನು ಅಭ್ಯಾಸ ಮಾಡಿ 2002ರಲ್ಲಿ ವರದಿ ಕೊಟ್ಟವು. ಹಿಂಸೆಯ ವಿಡಿಯೊ ಆಟಗಳಲ್ಲಿ ಆಸಕ್ತಿ ತೋರಿಸಿದವರು ಅವರಲ್ಲಿ ಶೇಕಡ 12 ಮಾತ್ರ. ಬೇರೆಯವರ ಕಿರುಕುಳಕ್ಕೋ ಹೊಡೆತಕ್ಕೋ ಗುರಿಯಾಗಿದ್ದೇವೆಂಬ ನೋವಿದ್ದವರು ಶೇಕಡ 71. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿಗೆ ಬಂದೂಕು ಸಿಕ್ಕಿದ್ದು ಸ್ವಂತ ಮನೆಯಲ್ಲಿ ಅಥವಾ ನೆಂಟರ ಮನೆಯಲ್ಲಿ. ಶೇಕಡ 81ರಷ್ಟು ಪ್ರಕರಣಗಳಲ್ಲಿ ಹೀಗೊಂದು ಯೋಚನೆಯಿದೆಯೆಂದು ಮುಂಚೆಯೇ ಕನಿಷ್ಠ ಒಬ್ಬರಿಗೆ ತಿಳಿದಿತ್ತು. ಈ ಕೊನೆಯ ಅಂಕಿಯನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆಟದ ಡಬ್ಬಿಯನ್ನು ಹುಡುಕಿದವರಷ್ಟೇ ಜನ ಹೀಗೆ ಮುಂಚೆಯೇ ತಿಳಿದಿದ್ದವನನ್ನು ಹುಡುಕಿ ಕೇಳಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ಆದರೆ ನಾನು ಹೇಳಬೇಕೆಂದಿರುವುದು ಇಷ್ಟೇ ಅಲ್ಲ. ಅಲ್ಲಿಯ ಪ್ರಶ್ನೆ ಅನುಕರಣೆಯದು, ಅಂದರೆ ಪರದೆಯ ಮೇಲೆ ಮಾಡಿದ್ದನ್ನು ಹುಡುಗ ಹೊರಗೆ ಮಾಡುತ್ತಾನೆಯೇ ಎಂಬುದು. ನಮ್ಮಲ್ಲಿ ವರದಿಯಾಗುವ ಘಟನೆಗಳಲ್ಲಿ ಜಗಳ ಹೊತ್ತಿಕೊಳ್ಳುವುದು ಹೆಚ್ಚಾಗಿ ಮೊಬೈಲ್ ಕಸಿದುಕೊಂಡಾಗ, ಹಣ ಕೊಡದಿದ್ದಾಗ, ಬೈದಾಗ. ಆಟ ಬಂದೂಕಿನದ್ದಾಗಿರಲಿ, ಹಣ್ಣು ಕತ್ತರಿಸುವುದಾಗಿರಲಿ, ಜೂಜಿನದ್ದಾಗಿರಲಿ, ಕಸಿಯುವ ಕೈಯ ಮೇಲೆ ಬರುವ ಸಿಟ್ಟು ಒಂದೇ. ಕಾಯಿಲೆ ಒಂದಾಗಿದ್ದು ನಾವು ಇನ್ನೊಂದಕ್ಕೆ ಮದ್ದು ಅರೆಯುತ್ತಿದ್ದೇವೆ ಎಂಬುದು ನನ್ನ ಆತಂಕ.

ಹಾಸನದ ತಾಯಿ:

ತುಂಗಾತೀರ ಅವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಅಂಕಿಗಳನ್ನು ಅಲ್ಲಗಳೆಯುವಷ್ಟು ನಾನು ಓದಿದವಳಲ್ಲ. ಆದರೆ ಹದಿಮೂರು ವರ್ಷದ ನನ್ನ ಮಗ ಸಂಜೆ ಐದರಿಂದ ಏಳರವರೆಗೆ ಆಡಿ ಎದ್ದು ಬಂದಾಗ ಅವನ ಮುಖವೇ ಬೇರೆಯಾಗಿರುತ್ತದೆ. ಊಟಕ್ಕೆ ಕರೆದರೆ ಹೂಂ ಎನ್ನುವ ದನಿಯಲ್ಲೇ ಸಿಡುಕು, ತಂಗಿ ಹತ್ತಿರ ಹೋದರೆ ತಳ್ಳುತ್ತಾನೆ. ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮೂರನೆಯ ದಿನಕ್ಕೆ ಅದೇ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟವೆಲ್ಲ ಸುತ್ತಿಸಿದ. ಇದನ್ನು ಕಣ್ಣಾರೆ ಕಂಡ ನಾನು, ಆಟಕ್ಕೂ ಹಿಂಸೆಗೂ ಸಂಬಂಧವಿಲ್ಲ ಎಂಬ ಮಾತನ್ನು ಹೇಗೆ ಒಪ್ಪಲಿ?

ನಮ್ಮ ಯಕ್ಷಗಾನದಲ್ಲಿ ಭೀಮ ದುಃಶಾಸನನ ಎದೆ ಬಗೆದು ರಕ್ತ ಕುಡಿಯುತ್ತಾನೆ, ಅದನ್ನು ನೋಡಿ ಬೆಳೆದ ನಾವೇನು ಕೊಲೆಗಾರರಾದೆವೇ ಎಂದು ನಮ್ಮ ಮನೆಯಲ್ಲೇ ಕೇಳುವವರಿದ್ದಾರೆ. ಅಲ್ಲಿ ಭೀಮ ಬೇರೆ, ನೋಡುವ ಮಗು ಬೇರೆ. ಬೆಳಗಾದರೆ ವೇಷ ಕಳಚುತ್ತದೆ. ಇಲ್ಲಿ ಹೊಡೆಯುವ ಬೆರಳು ಮಗುವಿನದೇ. ದಿನಕ್ಕೆ ನೂರು ಸಲ ಹೊಡೆಯುವ ಬೆರಳಿಗೆ ಏನೂ ಆಗುವುದಿಲ್ಲ ಎನ್ನುತ್ತೀರಾ?

ಮನಃಶಾಸ್ತ್ರ ವಿದ್ಯಾರ್ಥಿನಿ:

ಅಮ್ಮಾ, ನಿಮ್ಮ ಕಣ್ಣು ಕಂಡದ್ದು ಸುಳ್ಳಲ್ಲ, ಸಂಶೋಧಕರು ಮೂವತ್ತು ವರ್ಷಗಳಿಂದ ವಾದಿಸುತ್ತಿರುವುದೂ ಅದರ ಬಗ್ಗೆಯೇ. ಆದರೆ ‘ಆಕ್ರಮಣಶೀಲತೆ’ ಎಂದು ಅವರು ಬರೆಯುವ ಪದಕ್ಕೆ ಪ್ರಯೋಗಾಲಯದಲ್ಲಿ ಏನರ್ಥ ಎಂಬುದನ್ನು ಹೇಳದಿದ್ದರೆ ಈ ಚರ್ಚೆ ದಾರಿ ತಪ್ಪುತ್ತದೆ.

ಒಂದು ಪ್ರಸಿದ್ಧ ವಿಧಾನ ಹೀಗಿದೆ. ವಿದ್ಯಾರ್ಥಿಯೊಬ್ಬ ಕಾಲು ಗಂಟೆ ಹಿಂಸೆಯ ಆಟವನ್ನೋ ಸಾಧುವಾದ ಆಟವನ್ನೋ ಆಡುತ್ತಾನೆ. ಬಳಿಕ, ಪಕ್ಕದ ಕೋಣೆಯಲ್ಲಿರುವ ಎದುರಾಳಿಗಿಂತ ಬೇಗ ಗುಂಡಿ ಒತ್ತಬೇಕು, ಗೆದ್ದರೆ ಆತನ ಕಿವಿಗೆ ಕರ್ಕಶ ಸದ್ದು ಕೇಳಿಸಬಹುದು ಎಂದು ಅವನಿಗೆ ಹೇಳುತ್ತಾರೆ. ಆ ಸದ್ದನ್ನು ಎಷ್ಟು ಜೋರಾಗಿ, ಎಷ್ಟು ಹೊತ್ತು ಇಡುತ್ತಾನೆ ಎಂಬುದೇ ಅವನ ಆಕ್ರಮಣಶೀಲತೆಯ ಅಳತೆ. ಇನ್ನೊಂದು ವಿಧಾನದಲ್ಲಿ, ಖಾರ ಇಷ್ಟಪಡದ ಅಪರಿಚಿತನಿಗೆ ತಿನ್ನಲು ಎಷ್ಟು ಖಾರದ ಸಾಸ್ ಹಾಕಿಕೊಡುತ್ತಾನೆ ಎಂದು ತೂಗಿ ನೋಡುತ್ತಾರೆ. ಹಿಂಸೆಯ ಆಟ ಆಡಿದವರು ಇಂಥ ಪರೀಕ್ಷೆಗಳಲ್ಲಿ ಸ್ವಲ್ಪ ಹೆಚ್ಚು ಅಂಕ ಪಡೆದಿರುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಅಮೆರಿಕದ ಮನಃಶಾಸ್ತ್ರಜ್ಞ ಕ್ರೇಗ್ ಆಂಡರ್ಸನ್ ಮತ್ತು ಅವರ ಜೊತೆಗಾರರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆನ್ನುತ್ತಾರೆ. ಸಾಸಿನ ತೂಕದಿಂದ ಕೊಲೆಗೆ ಹಾರುವುದು ಸರಿಯಲ್ಲ ಎಂದು ಅಲ್ಲಿಯವರೇ ಆದ ಮನಃಶಾಸ್ತ್ರಜ್ಞ ಕ್ರಿಸ್ಟೊಫರ್ ಫರ್ಗ್ಯುಸನ್ ಅಂಥವರು ವಾದಿಸುತ್ತಾರೆ. ಈ ವಿಷಯದಲ್ಲಿ ನಾನು ಫರ್ಗ್ಯುಸನ್ ಅವರ ಕಡೆ.

ಪ್ರಯೋಗಾಲಯದ ಹೊರಗೆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳೂ ಇವೆ. ಅಂಥ 24 ಅಧ್ಯಯನಗಳನ್ನು, ಅಂದರೆ 17,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು, ಒಟ್ಟು ಸೇರಿಸಿ ನೋಡಿದ 2018ರ ವಿಶ್ಲೇಷಣೆಯಲ್ಲಿ ಹಿಂಸೆಯ ಆಟಕ್ಕೂ ಮುಂದಿನ ದಿನಗಳ ಹೊಡೆದಾಟಕ್ಕೂ ನಂಟು ಕಂಡಿತು. ಆದರೆ ಅದು ಬಹಳ ಸಣ್ಣದು. ಮಗುವಿಗೂ ಮಗುವಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಶೇಕಡ 1ರಷ್ಟನ್ನು ಮಾತ್ರ ಅದರಿಂದ ವಿವರಿಸಬಹುದು. ಮರುವರ್ಷ ಆಕ್ಸ್‌ಫರ್ಡಿನ ಸಂಶೋಧಕರು ಸುಮಾರು 1,000 ಬ್ರಿಟಿಷ್ ಮಕ್ಕಳನ್ನು, 14 ಮತ್ತು 15ರ ವಯಸ್ಸಿನವರನ್ನು, ಅಭ್ಯಾಸ ಮಾಡಿದರು. ಅವರ ವಿಧಾನ ನನಗೆ ಮೆಚ್ಚುಗೆಯಾಯಿತು. ಆಟ ಎಷ್ಟು ಹಿಂಸೆಯದು ಎಂಬುದನ್ನು ಮಕ್ಕಳ ಮಾತಿನಿಂದ ತೀರ್ಮಾನಿಸದೆ ಅಧಿಕೃತ ವಯೋಮಿತಿ ಗುರುತಿನಿಂದ ತೆಗೆದುಕೊಂಡರು, ಮಕ್ಕಳ ನಡತೆಯ ಬಗ್ಗೆ ಅವರ ಪೋಷಕರನ್ನು ಕೇಳಿದರು, ಲೆಕ್ಕ ಹೇಗೆ ಮಾಡುತ್ತೇವೆಂಬುದನ್ನು ಮುಂಚಿತವಾಗಿಯೇ ಬರೆದು ದಾಖಲಿಸಿದರು, ಬಂದ ಫಲಿತಾಂಶ ನೋಡಿ ಲೆಕ್ಕ ಬದಲಿಸಲು ಆಸ್ಪದವಿಲ್ಲದಂತೆ. ಅವರಿಗೆ ನಂಟು ಕಾಣಲಿಲ್ಲ. 2020ರ ಮಾರ್ಚಿನಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರ ಸಂಘವು ಕೂಗಾಡುವುದು, ತಳ್ಳುವುದು ಇಂಥ ನಡತೆಯೊಂದಿಗೆ ಸಣ್ಣ ನಂಟಿದೆ ಎಂದು ಒಪ್ಪಿಕೊಂಡು, ಗಂಭೀರ ಹಿಂಸೆಯನ್ನು ಆಟಗಳ ತಲೆಗೆ ಕಟ್ಟಲು ಸಾಕಷ್ಟು ಆಧಾರವಿಲ್ಲ ಎಂದು ಸ್ಪಷ್ಟಪಡಿಸಿತು. ತಂಗಿಯನ್ನು ತಳ್ಳಿದ್ದು ಆ ಮೊದಲ ಭಾಗದೊಳಗೆ ಬರುತ್ತದೆ ಅಮ್ಮಾ. ನಿಮ್ಮ ಅನುಭವಕ್ಕೂ ಸಂಘದ ಮಾತಿಗೂ ವಿರೋಧವಿಲ್ಲ.

ಹಾಸನದ ತಾಯಿ:

ಸಣ್ಣದು ಎನ್ನುತ್ತೀರಿ. ಕೋಟಿಗಟ್ಟಲೆ ಮಕ್ಕಳು ಆಡುವಾಗ ಒಬ್ಬೊಬ್ಬರಲ್ಲಿ ಆಗುವ ಸಣ್ಣದೂ ಒಟ್ಟಿನಲ್ಲಿ ದೊಡ್ಡದಾಗುವುದಿಲ್ಲವೇ?

ಮನಃಶಾಸ್ತ್ರ ವಿದ್ಯಾರ್ಥಿನಿ:

ಇದು ನ್ಯಾಯವಾದ ಪ್ರಶ್ನೆ, ಆಂಡರ್ಸನ್ ಅವರ ಪಕ್ಷದವರು ಕೇಳುವುದೂ ಇದನ್ನೇ. ಹಾಗೆ ದೊಡ್ಡದಾಗುತ್ತಿದ್ದರೆ ಆಟ ಹೆಚ್ಚಾದ ಕಡೆ ಅಪರಾಧವೂ ಹೆಚ್ಚಬೇಕಿತ್ತು. ಅಮೆರಿಕದಲ್ಲಿ 1990ರ ದಶಕದ ನಡುವಿನಿಂದ ಆಟಗಳ ಮಾರಾಟ ಏರುತ್ತ ಹೋದ ವರ್ಷಗಳಲ್ಲೇ ಹದಿಹರೆಯದವರ ಹಿಂಸಾಪರಾಧಗಳು ಬಹಳ ಇಳಿದವು. ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಆಟ ಆಡದ ಹುಡುಗರನ್ನು ಹುಡುಕಬೇಕು, ಆದರೂ ಕೊಲೆಗಳ ಪ್ರಮಾಣ ಜಗತ್ತಿನ ಅತಿ ಕಡಿಮೆಯ ಸಾಲಿನಲ್ಲಿದೆ. ಇದರಿಂದ ಆಟ ನಿರ್ದೋಷಿ ಎಂದು ಸಾಬೀತಾಗುವುದಿಲ್ಲ. ಬೇರೆ ಕಾರಣಗಳು ಅದಕ್ಕಿಂತ ಎಷ್ಟೋ ಪಟ್ಟು ಭಾರವಾಗಿವೆ ಎಂಬುದಷ್ಟೇ ತಿಳಿಯುತ್ತದೆ.

ಧಾರವಾಡದ ಮಾಸ್ತರ:

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಶಾಲೆಯ ಹೆಸರು ಬೇಡ, ಹುಡುಗನ ಗುರುತೂ ಬೇಡ.

ಎರಡು ವರ್ಷದ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮಧ್ಯಾಹ್ನದ ಊಟದ ಹೊತ್ತಿಗೆ ಸಹಪಾಠಿಯ ತಲೆಗೆ ಕಂಪಾಸ್ ಪೆಟ್ಟಿಗೆಯಿಂದ ಹೊಡೆದ. ತಗಡಿನ ಪೆಟ್ಟಿಗೆಯ ಮೂಲೆ ಹುಬ್ಬಿನ ಮೇಲೆ ತಾಗಿ ನಾಲ್ಕು ಹೊಲಿಗೆ ಬಿದ್ದವು. ಸ್ಟಾಫ್ ರೂಮಿನಲ್ಲಿ ಐದು ನಿಮಿಷದೊಳಗೆ ತೀರ್ಪು ಹೊರಬಿತ್ತು. ಅವನು ರಾತ್ರಿಯೆಲ್ಲ ಫ್ರೀ ಫೈರ್ ಎಂಬ ಬಂದೂಕಿನಾಟ ಆಡುತ್ತಾನೆ, ಅದರ ಪರಿಣಾಮವೇ ಇದು, ಎಂದರು. ನಾನೂ ತಲೆಯಾಡಿಸಿದವನೇ, ಅದನ್ನು ಮುಚ್ಚಿಡುವುದಿಲ್ಲ.

ಸಂಜೆ ಅವನ ಮನೆಗೆ ಹೋದೆ. ತಂದೆ ಲಾರಿ ಚಾಲಕ, ವಾರಕ್ಕೊಮ್ಮೆ ಬರುತ್ತಾರೆ. ಬಂದಾಗ ಮೊದಲು ಬೀಳುವುದು ಬೆಲ್ಟಿನ ಏಟು, ಅಂಕ ಕಡಿಮೆಯೆಂದು. ತಾಯಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ಗಾಜು ಒಡೆದು ಸೆಲೋಟೇಪ್ ಅಂಟಿಸಿದ ಒಂದೇ ಮೊಬೈಲು, ಅದಕ್ಕೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಒಂದು ಕಿವಿ ಕೆಲಸ ಮಾಡುವುದಿಲ್ಲ. ತಾಯಿ ಮಲಗಿದ ಮೇಲೆ ರಾತ್ರಿ ಎರಡರವರೆಗೆ ಹೊದಿಕೆಯೊಳಗೆ ಆಡುತ್ತಿದ್ದನಂತೆ. ಮೊದಲ ಅವಧಿಯಲ್ಲಿ ಅವನು ಬೆಂಚಿಗೆ ತಲೆಯಿಟ್ಟು ಮಲಗುವುದನ್ನು ತಿಂಗಳುಗಟ್ಟಲೆ ಕಂಡಿದ್ದ ನಾನು, ನಿದ್ದೆ ಮಾಡುತ್ತೀಯಾ ಎಂದು ಕೇಳದೆ, ಎದ್ದು ನಿಲ್ಲು ಎಂದಷ್ಟೇ ಹೇಳಿದ್ದೆ.

ಹೊಡೆದದ್ದು ಯಾಕೆ ಎಂದು ಕೇಳಿದಾಗ ತಾಯಿ ಒಳಗೆ ಹೋಗುವವರೆಗೂ ಅವನು ಬಾಯಿ ಬಿಡಲಿಲ್ಲ. ಹಿಂದಿನ ರಾತ್ರಿ ಆಟದ ಮೈಕಿನಲ್ಲಿ ಯಾರೋ ಗುರುತಿಲ್ಲದ ದೊಡ್ಡವನೊಬ್ಬ, ಸೋತ ಸಿಟ್ಟಿಗೆ, ಇವನ ತಾಯಿಯ ಬಗ್ಗೆ ಕೊಳಕು ಮಾತಾಡಿದ್ದ. ಅದೇ ಗುಂಪಿನಲ್ಲಿ ಆಡುತ್ತಿದ್ದ ಸಹಪಾಠಿ ಆ ಮಾತನ್ನು ಮರುದಿನ ಎಲ್ಲರೆದುರು ಆಡಿ ತೋರಿಸಿದ್ದ.

ಬಂದೂಕು ಇವನಿಗೆ ಏನು ಕಲಿಸಿತೋ ನನಗೆ ಕಾಣಲಿಲ್ಲ. ನನಗೆ ಕಂಡದ್ದು ನಿದ್ದೆಗೆಟ್ಟ ಮೈ, ಬೆಲ್ಟಿನ ಬರೆ ಮತ್ತು ಹದಿನಾಲ್ಕರ ಹುಡುಗನ ಕಿವಿಗೆ ನೇರವಾಗಿ ಬೀಳುತ್ತಿದ್ದ ಬೆಳೆದ ಗಂಡಸರ ಬೈಗುಳ. ಪರದೆಯ ಮೇಲಿನ ರಕ್ತವನ್ನು ನಾವೆಲ್ಲ ಬಾಗಿ ನೋಡುತ್ತೇವೆ. ಇಯರ್‌ಫೋನಿನಲ್ಲಿ ಏನು ಕೇಳುತ್ತಿದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಕಾವೇರಿ ಕಣಿವೆ:

ಇಷ್ಟೆಲ್ಲ ವಾದ ಯಾಕೆ? ಇಂಥ ಆಟಗಳನ್ನು ಸರ್ಕಾರ ನಿಷೇಧಿಸಿದರೆ ಮುಗಿಯಿತು.

ತುಂಗಾತೀರ:

ನಿಷೇಧ ಆಗಿದೆ, ಒಂದಲ್ಲ ಹಲವು ಸಲ. 2019ರ ಮಾರ್ಚಿನಲ್ಲಿ ಗುಜರಾತಿನ ರಾಜ್‌ಕೋಟ್‌ನಲ್ಲಿ ಪಬ್‌ಜಿ ಆಡಿದ ಯುವಕರನ್ನು ಪೊಲೀಸರು ಬಂಧಿಸಿದ್ದೂ ಉಂಟು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿಯೂ ಸೇರಿ 118 ಆ್ಯಪ್‌ಗಳನ್ನು ತಡೆಹಿಡಿಯಿತು, ಆದರೆ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ರಕ್ಷಣೆ; ಮಕ್ಕಳ ಮನಸ್ಸಿನ ಮಾತು ಅಲ್ಲಿರಲಿಲ್ಲ. ಮರುವರ್ಷ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, 2022ರ ಜುಲೈನಲ್ಲಿ ಮತ್ತೆ ನಿಂತಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರು ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆಡದಂತೆ ಕಾನೂನು ಮಾಡಿ, ಹತ್ತು ವರ್ಷ ನಡೆಸಿ, ಕೈಬಿಟ್ಟಿತು. ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟು 2011ರಲ್ಲಿ 7-2ರ ಬಹುಮತದಿಂದ ತಳ್ಳಿಹಾಕಿತು.

ಹಣ ಕಟ್ಟಿ ಆಡುವ ಆಟಗಳ ವಿಷಯ ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸಿದ್ದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ, ಮನೆಮಠ ಕಳೆದುಕೊಂಡವರನ್ನು ನೋಡಿದ್ದೇನೆ. ಅದನ್ನು ಇದರೊಂದಿಗೆ ಬೆರೆಸುವುದು ಬೇಡ.

ಇನ್ನೊಂದು ಮಾತು. 2022ರಲ್ಲಿ ಲಖನೌದಲ್ಲಿ 16ರ ಹುಡುಗ ತಾಯಿಯನ್ನು ಕೊಂದ ಸುದ್ದಿಯಲ್ಲೂ ಪಬ್‌ಜಿಯೇ ತಲೆಬರಹ. ಅವನು ಬಳಸಿದ್ದು ತಂದೆಯ ಪರವಾನಗಿ ಪಿಸ್ತೂಲು. ಅದು ಮಗನ ಕೈಗೆಟಕುವಂತೆ ಹೇಗಿತ್ತು ಎಂಬ ಪ್ರಶ್ನೆ ಎಷ್ಟು ಚರ್ಚೆಗಳಲ್ಲಿ ಬಂತು?

ಮೈಸೂರಿನ ಆಟಗಾರ:

ನನಗೀಗ 26. ಕಾಲೇಜಿನಲ್ಲಿದ್ದಾಗ ದಿನಕ್ಕೆ ಐದಾರು ಗಂಟೆ ಆಡಿದವನು, ಒಂದು ಸೆಮಿಸ್ಟರಿನಲ್ಲಿ ಮೂರು ವಿಷಯ ಬಾಕಿ ಉಳಿಸಿಕೊಂಡವನು. ಆಟದ ಪರವಾಗಿ ವಕಾಲತ್ತು ಮಾಡಲು ಬಂದಿಲ್ಲ. ಹಾಸನದ ಅಮ್ಮನವರಿಗೆ ಉಪಯೋಗವಾಗಬಹುದಾದ ಒಂದು ವಿಷಯ ಹೇಳಬೇಕಾಗಿದೆ.

ಬಿಜಿಎಂಐನಲ್ಲಿ ನೂರು ಜನ ವಿಮಾನದಿಂದ ಪ್ಯಾರಾಚೂಟಿನಲ್ಲಿ ದ್ವೀಪವೊಂದಕ್ಕೆ ಇಳಿಯುತ್ತಾರೆ. ಮನೆಮನೆ ನುಗ್ಗಿ ಬಂದೂಕು, ಗುಂಡು ಲೂಟ್ ಮಾಡಬೇಕು, ಕಿರಿದಾಗುತ್ತ ಬರುವ ವೃತ್ತದೊಳಗೆ ಉಳಿಯಬೇಕು, ಜೊತೆಯವನು ನಾಕ್ ಆದರೆ, ಅಂದರೆ ಗುಂಡು ತಗುಲಿ ಬಿದ್ದರೆ, ಓಡಿಹೋಗಿ ರಿವೈವ್ ಮಾಡಬೇಕು, ಅಂದರೆ ಮತ್ತೆ ಎಬ್ಬಿಸಬೇಕು. ಕೊನೆಯವರೆಗೆ ಉಳಿದರೆ ಸುಮಾರು ಅರ್ಧ ಗಂಟೆ. ನಡುವೆ ನಿಲ್ಲಿಸಿಟ್ಟು ಮತ್ತೆ ಮುಂದುವರಿಸುವ ಸೌಲಭ್ಯವಿಲ್ಲ. ಇಪ್ಪತ್ತೈದನೆಯ ನಿಮಿಷದಲ್ಲಿ, ಹತ್ತು ಜನ ಉಳಿದಿರುವಾಗ, ಅಮ್ಮ ಬಂದು ಮೊಬೈಲ್ ಕಿತ್ತುಕೊಂಡರೆ ಹುಡುಗನ ಪಾಲಿಗೆ ಅದು ತಂಡದಲ್ಲಿ ಜೊತೆಗೆ ಆಡುತ್ತಿರುವ ಮೂವರು ಗೆಳೆಯರಿಗೆ ಮಾಡಿದ ದ್ರೋಹ. ಮರುದಿನ ಶಾಲೆಯಲ್ಲಿ ಅವರು ಅವನನ್ನು ಬಿಡುವುದಿಲ್ಲ. ಸಿಟ್ಟು ತಪ್ಪೇ, ಆದರೆ ಅದು ಬಂದೂಕಿನಿಂದ ಬಂದದ್ದಲ್ಲ. ನನ್ನ ಅಪ್ಪ ಒಮ್ಮೆ ರೌಟರಿನ ತಂತಿ ಕಿತ್ತಾಗ ನಾನು ಕುರ್ಚಿಯನ್ನು ಗೋಡೆಗೆ ಎಸೆದಿದ್ದೆ. ಆಮೇಲೆ ಅಪ್ಪ "ಏಳು ಗಂಟೆಗೆ ನಿಲ್ಲಿಸು" ಎನ್ನುವುದನ್ನು ಬಿಟ್ಟು "ಇನ್ನು ಒಂದು ಮ್ಯಾಚ್" ಎನ್ನಲು ಕಲಿತರು. ಗೋಡೆಯ ಮೇಲಿನ ಗುರುತು ಈಗಲೂ ಇದೆ, ಕುರ್ಚಿ ಮತ್ತೆ ಹಾರಲಿಲ್ಲ.

18 ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯನ್ನು ಆಟದವರೇ ಇಟ್ಟಿದ್ದಾರೆ. ಹುಡುಗರು ಅಪ್ಪನ ಹೆಸರಿನಲ್ಲಿ ಖಾತೆ ತೆರೆಯುತ್ತಾರೆ. ಮೊದಲು ಮಗನ ಖಾತೆಯಲ್ಲಿ ವಯಸ್ಸು ಎಷ್ಟೆಂದು ಇದೆ ನೋಡಿ ಅಮ್ಮಾ.

ಮನಃಶಾಸ್ತ್ರ ವಿದ್ಯಾರ್ಥಿನಿ:

ಮಾಸ್ತರು ಬರೆದ ಹುಡುಗನಂಥವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಆಟದ ಮೇಲೆ ಹಿಡಿತ ತಪ್ಪಿ, ಓದು ಊಟ ನಿದ್ದೆಗಳಿಗಿಂತ ಅದೇ ಮುಖ್ಯವಾಗಿ, ಹಾನಿ ಕಣ್ಣೆದುರಿಗಿದ್ದರೂ ನಿಲ್ಲಿಸಲಾಗದ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದರೆ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದೇ ಪರಿಗಣಿಸುತ್ತದೆ. ಆ ವರ್ಗೀಕರಣ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಆಟ ಹಿಂಸೆಯದ್ದೋ ಅಲ್ಲವೋ ಎಂಬುದು ಆ ಲಕ್ಷಣಗಳಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ಆರಂಭವಾದ ‘ಶಟ್’ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹಾಸನದ ತಾಯಿ:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಖಾತೆ ನೋಡಿದೆ, ನನ್ನ ಗಂಡನ ವಯಸ್ಸು, 44, ಹಾಕಿಕೊಂಡಿದ್ದ. ಸರಿಪಡಿಸಿದೆವು. ದಿನಕ್ಕೆ ಎರಡು ಮ್ಯಾಚು, ರಾತ್ರಿ ಒಂಬತ್ತೂವರೆಗೆ ಮೊಬೈಲು ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕ ಚಾರ್ಜಿಗೆ, ನಮ್ಮಿಬ್ಬರ ಮೊಬೈಲೂ ಅಲ್ಲಿಯೇ, ಎಂದು ಮಾತಾಯಿತು. ಮೊದಲ ವಾರ ಎರಡು ಸಲ ಮಾತು ಮುರಿದ. ಒಮ್ಮೆ ಇವರು ಮೊಬೈಲನ್ನು ನೆಲಕ್ಕೆ ಬಡಿಯಲು ಎತ್ತಿದರು, ಕೈ ಹಿಡಿದು ತಡೆದೆ.

ಮಾಸ್ತರು ಬರೆದದ್ದು ಮನಸ್ಸಿನಲ್ಲಿತ್ತು. ಒಂದು ಸಂಜೆ ಇಯರ್‌ಫೋನ್ ತೆಗೆದು ಸ್ಪೀಕರಿನಲ್ಲಿ ಆಡು ಎಂದು ಪಕ್ಕದಲ್ಲಿ ಕುಳಿತೆ. ಹತ್ತು ನಿಮಿಷವಾಗಿರಲಿಲ್ಲ, ಯಾರೋ ಗಂಡಸಿನ ದನಿ ಹಿಂದಿಯಲ್ಲಿ ಆಡಿದ ಮಾತು ಕೇಳಿ ನನ್ನ ಕೈಕಾಲು ತಣ್ಣಗಾದವು. ಮಗ ನನ್ನ ಮುಖ ನೋಡದೆ ಹೆಬ್ಬೆರಳಿನಿಂದ ಮೈಕ್ ಗುರುತನ್ನು ಒತ್ತಿ ದನಿ ನಿಲ್ಲಿಸಿದ. ದಿನಾ ಹೀಗೆಯೇ ಇರುತ್ತದೆಯೇ ಎಂದು ಕೇಳಿದೆ. ಹೂಂ ಎಂದ. ಈಗ ಅವನು ತರಗತಿಯ ಮೂವರ ಜೊತೆ ಮಾತ್ರ ಆಡುತ್ತಾನೆ, ಗೊತ್ತಿಲ್ಲದವರ ದನಿ ಕೇಳದಂತೆ ಇಟ್ಟುಕೊಂಡಿದ್ದಾನೆ.

ಹೊಡೆಯುವ ಬೆರಳಿನ ಬಗ್ಗೆ ನನ್ನ ಅಳುಕು ಪೂರ್ತಿ ಹೋಗಿಲ್ಲ, ಭಾನುವಾರದ ಮೂರನೆಯ ಮ್ಯಾಚಿನ ಜಗಳವೂ ನಿಂತಿಲ್ಲ. ತಂಗಿಯನ್ನು ತಳ್ಳಿದ್ದು ಈ ಮೂರು ವಾರದಲ್ಲಿ ಒಮ್ಮೆ. ಆ ದಿನ ಅವನು ಮ್ಯಾಚು ಆಡಿರಲೇ ಇಲ್ಲ, ಗಣಿತದಲ್ಲಿ ಅಂಕ ಕಡಿಮೆ ಬಂದಿತ್ತು.